ಮರಿಗೆ ಹೊಲಿದ ಚೀಲ

ನನ್ನಂಥ ಹೊಲಿಗೆಯವನ ಮನೆಯಲ್ಲಿ ದಿನಕ್ಕೊಂದು ತಮಾಷೆ ಇದ್ದದ್ದೇ. ಆದರೆ ಈ ವರ್ಷದ ತಮಾಷೆಯಲ್ಲಿ ನನಗೆ ದಕ್ಕಿದ್ದು ಬರೀ ಹೊಟ್ಟೆಕಿಚ್ಚು, ಅದೂ ಒಂದು ನಾಯಿಮರಿಯ ಮೇಲೆ.

೧. ಬೇರೆ ದಾರಿ

ಸವದತ್ತಿಯ ನಮ್ಮ ಅಂಗಡಿಯ ಮುಂದೆ ಬೈಕು ಬಡಿದು, ತಿಂಗಳ ಮರಿಯೊಂದರ ತಲೆಗೆ ಪೆಟ್ಟಾಯಿತು. ಮುಂದಿನ ಎಡಗಾಲು ಎಳೆಯತೊಡಗಿತು. ನನ್ನ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದನದ ಡಾಕ್ಟರ ಹತ್ತಿರ ಓಡಿದಳು.

"ಮಿದುಳು ಇನ್ನೂ ಎಳೇದೈತ್ರಿ," ಅಂದರಂತೆ ಅವರು. "ರಸ್ತೆ ಅಗದಾಗ ಬಸ್ಸು ಮುನವಳ್ಳಿ ಸುತ್ತಿ ಬರತೈತಲ್ರಿ, ಹಂಗ ಇದೂ ಬ್ಯಾರೆ ದಾರಿ ಹುಡಕತೈತಿ. ದಿನಾ ಅರ್ಧ ತಾಸು ಚಲೋ ಕಾಲು ಕಟ್ಟಿಡ್ರಿ, ಸೋತ ಕಾಲು ಕೆಲಸ ಕಲೀತೈತಿ."

ಕಾಲು ಕಟ್ಟಲು ಮೆತ್ತನೆಯ ಚೀಲ ಹೊಲಿದವನು ನಾನೇ. ನಮ್ಮಲ್ಲಿ ಗುಂಡಿ ಹಚ್ಚುವುದು ಹೆಂಡತಿಯ ಕೆಲಸ. ನನ್ನ ಅಂಗಿಯ ಗುಂಡಿ ಹೋಗಿ ತಿಂಗಳಾಗಿತ್ತು. ಅವಳಿಗೆ ಪುರುಸೊತ್ತಿರಲಿಲ್ಲ, ಮರಿಗೆ ವ್ಯಾಯಾಮ ಮಾಡಿಸುತ್ತಿದ್ದಳು.

೨. ಕೆನೆ

ಮದುವೆಯಾದಾಗಿನಿಂದ ಮೊಸರಿನ ಕೆನೆ ನನ್ನ ತಾಟಿಗೇ ಬರುತ್ತಿತ್ತು. ಈಗ ಅದು ಮರಿಯ ಬಟ್ಟಲಿಗೆ ಹೋಗತೊಡಗಿತು. ಹೊಟ್ಟೆ ಉರಿದು, ಇದ್ಯಾವ ನ್ಯಾಯ ಅಂತ ಕೇಳಿಯೇಬಿಟ್ಟೆ.

"ಅದು ಹೊಸಾ ಕೆಲಸ ಕಲಿಯಾಕ ಹತ್ತೈತ್ರಿ. ನೀವೇನ ಕಲಿಯಾಕ ಹತ್ತೀರಿ?"

ಎರಡು ತಿಂಗಳಿಗೆ ಮರಿ ನಾಲ್ಕೂ ಕಾಲೂರಿ ಓಡಿತು. ಹೆಂಡತಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಅಂಗಡಿ ತೆರೆದ ದಿನವೂ ಅವಳು ಹಂಚಿರಲಿಲ್ಲ.

೩. ನನ್ನ ಸರದಿ

ಆಮೇಲೆ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಬಲ ಭುಜ ಹಿಡಿದುಕೊಂಡಿತು. ನಿಜ ಹೇಳಬೇಕೆಂದರೆ ನೋವಿಗಿಂತ ಖುಷಿಯೇ ಹೆಚ್ಚಾಯಿತು. ಇನ್ನು ಕೆನೆ ನನ್ನ ಕಡೆಗೇ ಹರಿಯಬೇಕು. ಎಲುಬು ಗಟ್ಟಿಯಿದೆ, ಕೈ ಆಡಿಸಿದರೆ ಸಾಕು ಅಂತ ಸರಕಾರಿ ದವಾಖಾನೆಯ ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಹೇಳಲಿಲ್ಲ. ಎರಡು ದಿನ ಹೆಂಡತಿಯೇ ತುತ್ತು ಮಾಡಿ ಉಣ್ಣಿಸಿದಳು. ಮರಿ ಮೂಲೆಯಲ್ಲಿ ಕುಳಿತು ನೋಡುತ್ತಿತ್ತು. ನೋಡಲಿ ಅಂದುಕೊಂಡೆ.

ಮೂರನೆಯ ದಿನ ಆ ಡಾಕ್ಟರೇ ಸಂತೆಯಲ್ಲಿ ಅವಳಿಗೆ ಸಿಕ್ಕರಂತೆ. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯದ ತಾಟು ಮುಂದಿಟ್ಟು, ಒಂದು ಚೀಲ ತೆಗೆದಳು. ಮರಿಯದ್ದೇ ನಮೂನೆ, ಅಳತೆ ಮಾತ್ರ ದೊಡ್ಡದು. ನನ್ನದೇ ಮಷೀನಿನಲ್ಲಿ ಹೊಲಿದಿದ್ದಳು. ಅದಕ್ಕೆ ಎರಡು ಗುಂಡಿಯನ್ನೂ ಹಚ್ಚಿದ್ದಳು. ನನ್ನ ಚಲೋ ಎಡಗೈಯನ್ನು ಅದರಲ್ಲಿ ತುರುಕಿದಳು.

"ಅದು ಮರಿ. ಅದರ ಮಿದುಳು ಎಳೇದು," ಅಂದೆ. "ನನಗ ಐವತ್ತೆರಡು ತುಂಬ್ಯಾವು."

ಅವಳು ತಲೆ ಎತ್ತದೆ ಗುಂಡಿ ಹಾಕಿದಳು.

"ನಾಯಿಮರಿ ಜೊತಿ ಕೆನಿಗೆ ಜಗಳಾ ತೆಗಿಯೂ ಮಿದುಳು ಇನ್ನೂ ಎಳೇದ ಇರತೈತ್ರಿ. ಉಣ್ರಿ."