ಇಪ್ಪತ್ತೊಂಬತ್ತು ಕಾಲಂಗಳಲ್ಲಿ ಸಿಗದ ಹೊಳೆ

ನದಿತೀರ ಮಾಹಿತಿ ಸಂಗ್ರಹಣಾ ಕಚೇರಿಯ ಮುಖ್ಯಸ್ಥರ ಸನ್ನಿಧಾನಕ್ಕೆ, ತುಬಚಿ ಬಳಿಯ ಹೊಳೆದಂಡೆಯ ಕುರಿಗಾರರ ಸಂಘದ ಕಾರ್ಯದರ್ಶಿ ಹುಲೆಪ್ಪನು ಮೂರು ಪ್ರತಿಗಳಲ್ಲಿ ಸಲ್ಲಿಸುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

‘ಸಂಸ್ಥೆ ಸುಸೂತ್ರವಾಗಿ ನಡೆಯಲು ಸಕಾಲಿಕ ಮಾಹಿತಿಯೇ ಉಸಿರು’ ಎಂಬ ತಮ್ಮ ಸುತ್ತೋಲೆಯನ್ನು ಶಿರಸಾವಹಿಸಿ, ನಾವು ತಿಂಗಳು ತಿಂಗಳು ಇಪ್ಪತ್ತೊಂಬತ್ತು ಕಾಲಂ ತುಂಬಿ ಕಳಿಸುತ್ತಿದ್ದೇವೆ. ನಮ್ಮ ಸದಸ್ಯ ಜಕ್ಕಪ್ಪನ ಟಗರಿನ ಕೊಂಬು ಎಷ್ಟು ಸುತ್ತು, ಅವನ ಹೆಂಡತಿ ಮಾಯವ್ವ ನೂಲುವ ಉಣ್ಣೆ ಯಾವ ಬಣ್ಣದ್ದು ಎಂಬುದು ಅವರಿಗಿಂತ ತಮಗೇ ಚೆನ್ನಾಗಿ ಗೊತ್ತು. ಪ್ರತಿಯಾಗಿ ನಾವು ಕೇಳಿದ್ದು ಒಂದೇ: ಮೇಲಿನ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರೆ ಒಂದು ಮಾತು ತಿಳಿಸಿ.

ಕಳೆದ ಶ್ರಾವಣದ ಸೋಮವಾರ ಬೆಳಿಗ್ಗೆ ಜಕ್ಕಪ್ಪ ನೂರಾನಲವತ್ತು ಕುರಿಗಳೊಂದಿಗೆ ನಡುಗಡ್ಡೆಯಲ್ಲಿದ್ದ. ಹೊಳೆಯ ನೀರು ಕೆಂಪಾದದ್ದನ್ನು ಕಂಡು ನಾನು ತಮ್ಮ ಕಚೇರಿಗೆ ಫೋನು ಮಾಡಿದೆ. ತಮ್ಮ ಗುಮಾಸ್ತರು ಬಹು ಸೌಜನ್ಯದಿಂದ, “ನೀರು ಬಿಟ್ಟಾರೋ ಇಲ್ಲೋ ಬಾಯಿಲೆ ಹೇಳಾಕ ಬರೂದಿಲ್ರೀ. ಅರ್ಜಿ ಕೊಡ್ರಿ, ಏಳು ದಿನದಾಗ ಉತ್ತರ ಬರ್ತೈತಿ” ಎಂದರು.

ಅಷ್ಟರಲ್ಲಿ ಹೊಳೆಯ ಮೇಲಿನ ಊರಿಗೆ ಕೊಟ್ಟಿರುವ ಅಕ್ಕ ಸಿದ್ದಕ್ಕನಿಂದ ಮಾಯವ್ವನಿಗೆ ಫೋನು ಬಂತು. “ತಂಗಿ, ನಮ್ಮೂರ ಹೊಳಿ ಮೆಟ್ಟಲಾ ಮುಳಗ್ಯಾವ. ಕುರಿ ಲಗೂನ ದಂಡಿಗಿ ಹೊಡೀರಿ!”

ಮಾಯವ್ವ ಬರಿಗಾಲಲ್ಲಿ ದಂಡೆಗೆ ಓಡಿ, “ಹೊಳಿ ಬಂತ್ರೀ, ಈ ಕಡೆ ಬರ್ರೀ” ಎಂದು ಗಂಟಲು ಹರಿಯುವಂತೆ ಕೂಗಿದಳು. ಮೊಣಕಾಲುದ್ದದ ನೀರಲ್ಲಿ ಹಿಂಡು ದಾಟಿತು. ಹಿಂದುಳಿದ ಮೂರು ಮರಿಗಳಿಗಾಗಿ ಜಕ್ಕಪ್ಪ ಮರಳಿ ಹೋದ; ಬರುವಷ್ಟರಲ್ಲಿ ನೀರು ಎದೆ ಮುಟ್ಟಿತ್ತು. ಕೈಗುಳಿದ ಮರಿಯನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಜಾಲಿಗಿಡ ಹತ್ತಿದವನನ್ನು, ಇಳಿಹೊತ್ತಿಗೆ ಅಂಬಿಗರ ಹಣಮಪ್ಪ ತೆಪ್ಪ ಹಾಕಿ ಕರೆತಂದ. ಮೈತುಂಬ ಮುಳ್ಳು ಗೀರಿತ್ತು. “ಒಂದ ಉಳೀತ್ರೀ, ಎರಡು ಕೈ ಜಾರಿದ್ವು” ಎಂದ.

ಗುರುವಾರ ತಮ್ಮ ಪತ್ರ ಬಂತು: ‘ನದಿಯಲ್ಲಿ ನೀರು ಏರುವ ಸಂಭವವಿದೆ.’ ಎಂಥ ಮುದ್ದಾದ ಅಕ್ಷರ, ಎಂಥ ದುಂಡನೆಯ ಮೂರು ಮುದ್ರೆಗಳು! ನಾನು ಓದಿ ಹೇಳಿದಾಗ ಮಾಯವ್ವ, “ಹೊಳಿ ಎಲ್ಲೈತಿ ಅನ್ನೂದರ ಇವರಿಗಿ ಗೊತ್ತೈತೇನ್ರಿ?” ಎಂದಳು. ಆ ಪ್ರಶ್ನೆಗೆ ತಮ್ಮ ನಮೂನೆಯಲ್ಲಿ ಕಾಲಂ ಇಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆದಕಾರಣ, ತಮ್ಮ ಪತ್ರ ಬಟವಾಡೆಯಾಗುವವರೆಗೆ ಇದ್ದಲ್ಲೇ ನಿಲ್ಲುವಂತೆ ತಾವು ಹೊಳೆಗೊಂದು ಸುತ್ತೋಲೆ ಹೊರಡಿಸಬೇಕು. ಹೊಳೆ ಒಪ್ಪದಿದ್ದರೆ ತಮ್ಮ ಕುರ್ಚಿಯನ್ನು ಸಿದ್ದಕ್ಕನ ಮನೆಯ ಕಟ್ಟೆಯ ಮೇಲೆ ಹಾಕಿಸಬೇಕು. ಅಲ್ಲಿಂದ ನೀರು ಕಾಣುತ್ತದೆ.

ಸದಾ ಕಾಲಂ ತುಂಬುತ್ತಲೇ ಇರುವ,
ತಮ್ಮ ವಿಶ್ವಾಸಿ,
ಹುಲೆಪ್ಪ

ತಾ.ಕ.: ನಿನ್ನೆ ತಮ್ಮ ಕಚೇರಿಯವರೇ ಜೀಪಿನಲ್ಲಿ ಬಂದು ಸಿದ್ದಕ್ಕನ ಫೋನ್ ನಂಬರು ಬರೆದುಕೊಂಡು ಹೋದರಂತೆ. ಅವಳು ಕೂಡಲೇ ಕೊಟ್ಟಳು, ಅರ್ಜಿ ಕೇಳಲಿಲ್ಲ.