ಕೊನೆಯ ನಿವೇಶನಕ್ಕೆ ಬಿಸಿಲು

ಬಾಡಿಗೆಗೆ ತಂದ ಕೆಂಪು ಜಮಖಾನೆ ನೆನೆಯಬಾರದು ಎಂದು ಮೇನೇಜರು ಹೆಂದಾರ್ತೊ ಹಟ ಹಿಡಿಯದೆ ಇದ್ದಿದ್ದರೆ, ತಾರ್ಸಿಮ್ ಆ ದಿನವನ್ನೂ ಮಿಕ್ಕ ದಿನಗಳ ಹಾಗೆ ಸುಮ್ಮನೆ ದೂಡಿಬಿಡುತ್ತಿದ್ದ.

ಕರಾವಾಂಗ್ ಎಂಬ ಊರಿನ ಗದ್ದೆಗಳನ್ನು ಕೊಂಡು, ಮಟ್ಟ ಮಾಡಿ, ರಸ್ತೆ ಹಾಸಿ, ಕಾರ್ಖಾನೆಯವರಿಗೆ ನಿವೇಶನ ಮಾರುವ ಕಂಪನಿ ಅದು. ತಾರ್ಸಿಮ್ ಅಲ್ಲಿ ಸಮಾರಂಭಗಳ ಗುಮಾಸ್ತ. ರಿಬ್ಬನ್ನು, ಕತ್ತರಿ, ಊಟದ ಪೊಟ್ಟಣ, ಇಷ್ಟು ಅವನ ಸಾಮ್ರಾಜ್ಯ. ನೌಕರಿ ಮಾತ್ರ ಗುತ್ತಿಗೆಯದು. ಹಬ್ಬಕ್ಕೆ ಹೋದಾಗಲೆಲ್ಲ ಮಾವ “ಕಾಯಂ ಆಯ್ತಾ?” ಎಂದು ಕೇಳುತ್ತಿದ್ದರು. ಈಚೆಗೆ ಕೇಳುವುದನ್ನೂ ಬಿಟ್ಟಿದ್ದರು. ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಅಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದು ಕೊನೆಯ ನಿವೇಶನಕ್ಕೆ ಸಹಿ ಹಾಕುವುದಿತ್ತು. ತಿಂಗಳಿನಿಂದ ಮುಖ ತೋರಿಸದ ಮೋಡ ಅಂದೇ ಬೆಳಿಗ್ಗೆ, ಹೇಳದೆ ಕೇಳದೆ ಬರುವ ಬೀಗರಂತೆ, ಬಂದು ಕೂತಿತ್ತು.

“ಒಂದು ಹನೀನೂ ಬೀಳದೆ ಸಹಿ ಆಗ್ಲಿ, ನಿನ್ನ ಕಾಯಂ ಕಾಗದಕ್ಕೆ ನಾನು ಸಹಿ ಹಾಕ್ತೀನಿ,” ಎಂದರು, ಕಚೇರಿಯಲ್ಲಿ ಎಲ್ಲರೂ ಗೌರವದಿಂದ ‘ಪಾಕ್’ ಎಂದು ಕರೆಯುವ ಹೆಂದಾರ್ತೊ. “ಬಿತ್ತೋ, ಜಮಖಾನೆಯೊಳಗೆ ನಿನ್ನನ್ನೂ ಸುತ್ತಿ ವಾಪಸ್ ಕಳಿಸ್ತೀನಿ.”

ತಾರ್ಸಿಮ್ ಸ್ನಾನವನ್ನೂ ಮಾಡದೆ ಬೈಕು ಹತ್ತಿ, ಮಳೆ ತಡೆಯುವುದರಲ್ಲಿ ಹೆಸರಾದ ಅಬಾ ಜುಮೆನಾ ಎಂಬ ಮುದುಕನನ್ನು ಹಿಂದೆ ಕೂರಿಸಿಕೊಂಡು ಬಂದ. ಮುದುಕ ವೇದಿಕೆಯ ಹಿಂದೆ ಕಡ್ಡಿಪೊರಕೆಯನ್ನು ತಲೆಕೆಳಗಾಗಿ ನೆಟ್ಟು, ಕಡ್ಡಿಗಳ ತುದಿಗೆ ಮೆಣಸಿನಕಾಯಿ, ಈರುಳ್ಳಿ ಚುಚ್ಚಿದ. ಸಹಿ ಆಗುವ ತನಕ ತಾರ್ಸಿಮ್ ನೀರು ಮುಟ್ಟಬಾರದು, ಕುಡಿಯಲೂ ಬಾರದು ಎಂದು ಕಟ್ಟಪ್ಪಣೆ ಮಾಡಿದ. ಆಮೇಲೆ ಕೇಳಿದ:

“ಮಳೇನ ನಿಲ್ಲಿಸೋಕೆ ನಾನ್ಯಾರಪ್ಪ. ತಳ್ಳೋದಷ್ಟೇ ನನ್ನ ಕೆಲಸ. ಯಾವ ಕಡೆ ತಳ್ಳಲಿ?”

ಈ ಪ್ರಶ್ನೆ ಕಚೇರಿಯೊಳಗೆ ಹೊಕ್ಕಿದ್ದೇ ತಡ, ಎಲ್ಲರೂ ಕುರ್ಚಿ ಬಿಟ್ಟೆದ್ದು ಬಂದರು. ಉತ್ತರಕ್ಕೆ ಬೇಡ, ಡ್ರೈವರನ ಭತ್ತ ರಸ್ತೆಯ ಮೇಲೆ ಒಣಗುತ್ತಿದೆ. ದಕ್ಷಿಣಕ್ಕೆ ಬೇಡ, ಟೈಪಿಸ್ಟನ ತಂಗಿಯ ಮದುವೆ ಚಪ್ಪರ ಅಲ್ಲಿದೆ. ಪಶ್ಚಿಮದಲ್ಲಿ ಕಾವಲುಗಾರನ ಮನೆ. ಅದರ ಸೂರು ಸೋರುತ್ತದೆ. ಅಲ್ಲಿಗೆ ತಳ್ಳಿದರೆ ಅತಿಥಿಗಳಿಗೆ ಗೇಟು ಯಾರು ತೆರೆಯುತ್ತಾರೋ ನೋಡುತ್ತೇನೆಂದು ಅವನು ಬೀಗದ ಕೈಯನ್ನು ಜೇಬಿಗಿಳಿಸಿದ. ಉಳಿದದ್ದು ಪೂರ್ವ. ಅಲ್ಲಿದ್ದದ್ದು ಇದೇ ವ್ಯಾಪಾರದ ಎದುರಾಳಿ ಕಂಪನಿಯ ಬಡಾವಣೆ. ಬೀಳಲಿ ಅವರ ತಲೆಯ ಮೇಲೆ ಎಂದು ಎಲ್ಲರೂ ಒಂದೇ ಬಾಯಲ್ಲಿ ಒಪ್ಪಿದರು. ಆ ಕಚೇರಿಯಲ್ಲಿ ಅಂಥ ಒಮ್ಮತ ಹಿಂದೆಂದೂ ಆಗಿರಲಿಲ್ಲ.

ಲೆಕ್ಕಪತ್ರದ ಬು ಎಂತಿನ್, ಅಂದರೆ ಎಂತಿನ್ ಅಮ್ಮ, ಮಾತ್ರ “ಲೆಕ್ಕದ ಪ್ರಕಾರ ನೋಡಿದ್ರೆ...” ಎಂದು ಶುರು ಮಾಡಿದಳು. ಲೆಕ್ಕ ಎಂಬ ಮಾತು ಬಿದ್ದೊಡನೆ ಜನ ಕರಗಿತು.

ಮುದುಕ ಲವಂಗದ ಸಿಗರೇಟು ಸೇದಿ ಪೂರ್ವಕ್ಕೆ ಹೊಗೆ ಬಿಟ್ಟ. ಮೋಡ ಒಲ್ಲದ ಎಮ್ಮೆಯಂತೆ ಅತ್ತ ಹೊರಳಿತು.

ಬಿಸಿಲು ಬಂತು, ಹೆಚ್ಚಾಗಿಯೇ ಬಂತು. ಕುರ್ಚಿ ಹೊತ್ತು ಹೊತ್ತು ತಾರ್ಸಿಮ್‌ನ ನಾಲಿಗೆ ಹಪ್ಪಳವಾಯಿತು. ಅಷ್ಟರಲ್ಲಿ ಕ್ಯಾಂಟೀನಿನ ಹೆಂಗಸು ಚಟ್ನಿಗೆ ಸಾಲದೆಂದು ಪೊರಕೆಯ ಮೆಣಸಿನಕಾಯಿ ಕಿತ್ತೊಯ್ದಳು. ಮೋಡ ತಿರುಗಿ ನೋಡಿತು. ತಾರ್ಸಿಮ್ ಓಡಿಹೋಗಿ, ಒರಳಿನಿಂದ ಅರೆಜಜ್ಜಿದ ಕಾಯಿಗಳನ್ನೇ ತಂದು ಚುಚ್ಚಿ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡ. ತೊಳೆಯುವ ಹಾಗಿಲ್ಲ. ದಳದಳ ಕಣ್ಣೀರು ಸುರಿಸುತ್ತಿದ್ದವನನ್ನು ಕಂಡು ಕಾರ್ಖಾನೆಯ ಮಾಲೀಕರು ಕನಿಕರದಿಂದ ನೀರಿನ ಬಾಟಲಿ ಚಾಚಿದರು. ತಾರ್ಸಿಮ್ ಹಾವು ಕಂಡವನಂತೆ ಹಿಂದಕ್ಕೆ ಹಾರಿದ. ಜಮೀನು ಮಾರಿದ ದುಃಖ ಸಾರ್, ಎಂದು ಹೆಂದಾರ್ತೊ ಹೇಗೋ ಸಂಭಾಳಿಸಿದರು.

ಅಂತೂ ಸಹಿ ಬಿತ್ತು, ಹನಿ ಬೀಳಲಿಲ್ಲ. ಪೂರ್ವದಲ್ಲಿ ಮಾತ್ರ ಕೊಡ ಬಗ್ಗಿಸಿದಂತೆ ಸುರಿಯುತ್ತಿತ್ತು. ಕಚೇರಿಯವರು ಅದನ್ನು ನೋಡಿ ಚಪ್ಪಾಳೆ ತಟ್ಟಿದರು.

ತಾರ್ಸಿಮ್ ಮುಖ ತೊಳೆದು, ಎರಡು ಬಾಟಲಿ ನೀರು ಕುಡಿದು, ಕಾಗದಕ್ಕಾಗಿ ಹೆಂದಾರ್ತೊ ಕೋಣೆಗೆ ಹೋದ. ಅಲ್ಲಿ ಬು ಎಂತಿನ್ ಮೊದಲೇ ಕೂತಿದ್ದಳು. ಬೆಳಿಗ್ಗೆ ಯಾರೂ ಕೇಳದ ಲೆಕ್ಕವನ್ನು ಈಗ ಒಪ್ಪಿಸುತ್ತಿದ್ದಳು.

“ಜಮೀನು ಬಾಳೆಗೊನೆ ಪಾಕ್, ಒಂದೇ ಸಲ ಕಡಿಯೋದು. ಇವತ್ತು ಅದೂ ಮುಗೀತು. ದಿನಾ ಹಾಲು ಕರೆಯೋ ಎಮ್ಮೆ ಅಂದ್ರೆ ನೀರು. ನಮ್ಮ ಕೆರೇಲಿ ಮಳೆ ಹಿಡಿದು, ಸೋಸಿ, ಕಾರ್ಖಾನೆಗಳಿಗೆ ಮೀಟರ್ ಹಾಕಿ ಮಾರ್ತೀವಿ. ಕೊಳಕಾಗಿ ವಾಪಸ್ ಬಂದ್ರೆ ತೊಳೆಯೋಕೆ ಮತ್ತೆ ಕಾಸು. ಒಂದೇ ನೀರು, ಎರಡು ಬಿಲ್ಲು. ಲಾಭ ಅಂತ ಇರೋದೇ ಅದ್ರಲ್ಲಿ. ಬಣ್ಣದ ಕಾರ್ಖಾನೆಯೋರಂತೂ ಕುಡುಕರ ಹಾಗೆ ನೀರು ಎತ್ತೋರು.” ಅವಳು ಉಸಿರು ಬಿಟ್ಟಳು. “ಈಗ ನಮ್ಮ ಕೆರೇಲಿ ಆಡು ಮೇಯ್ತಾ ಇದೆ. ಪೂರ್ವದೋರ ಕೆರೆ ಕೋಡಿ ಬಿದ್ದಿದೆಯಂತೆ.”

ಮಾರಲು ಜಮೀನಿಲ್ಲದ ಮೇಲೆ ಸಮಾರಂಭವೂ ಇಲ್ಲ, ಸಮಾರಂಭದ ಗುಮಾಸ್ತನೂ ಬೇಡ ಎಂಬುದು ಹೆಂದಾರ್ತೊಗೂ ತಾರ್ಸಿಮ್‌ಗೂ ಒಟ್ಟಿಗೆ ಹೊಳೆಯಿತು.

“ನಾಳೆಯಿಂದ ನೀರಿನ ವಿಭಾಗಕ್ಕೆ ಬಾ,” ಎಂದರು ಹೆಂದಾರ್ತೊ. “ಗುತ್ತಿಗೆ ಮೇಲೇನೇ. ಮಳೇನ ಅತ್ತ ಕಳಿಸಿದೋನು ಇತ್ತ ಕರೆಸು. ನಮ್ಮ ಕೆರೆ ಕೋಡಿ ಬಿದ್ದ ದಿನ ನೀನು ಕಾಯಂ.”

ತಾರ್ಸಿಮ್ ಕಾಲೆಳೆಯುತ್ತ ವೇದಿಕೆಯ ಹಿಂದೆ ಬಂದ. ಅಬಾ ಜುಮೆನಾ ಉಳಿದ ಊಟದ ಪೊಟ್ಟಣಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಕರೆಯೋ ವಿದ್ಯೆ ನಂಗೆ ಬರಲ್ಲಪ್ಪ, ನಂದು ಬರೀ ತಳ್ಳೋದು,” ಎಂದ ಮುದುಕ. “ಕರೆಯೋನು ನನ್ನ ತಮ್ಮ.”

“ಎಲ್ಲಿದಾರೆ ಹೇಳಿ ಅಬಾ, ಈಗ್ಲೇ ಹೋಗಿ ಕಾಲು ಹಿಡೀತೀನಿ.”

ಮುದುಕ ಗಲ್ಲ ಎತ್ತಿ ಪೂರ್ವಕ್ಕೆ ತೋರಿಸಿದ.

“ಅಲ್ಲೇ, ಆ ಕಂಪನೀಲೇ ಇದಾನೆ. ತಿಂಗಳಿಂದ ಕರೀತಿದ್ದ, ಒಂದು ಹನಿ ಬಿದ್ದಿರಲಿಲ್ಲ ಪಾಪ. ಈಗ ಫೋನ್ ಮಾಡಿದ್ದ. ಮಧ್ಯಾಹ್ನ ಅವರು ಅವನನ್ನ ಕಾಯಂ ಮಾಡ್ಕೊಂಡ್ರಂತೆ.”