ನಮ್ಮ ಮಹಡಿ ಕೋಣೆಯನ್ನು ಗೆದ್ದುಕೊಂಡ ನೇರಳೆ ಬಾವುಟದ ದೊರೆಗೆ

ಅಖಂಡ ಜೌಗುಭೂಮಿಯ ಒಡೆಯರೂ, ಮರ ಕೊಯ್ಯುವ ಮೂರು ಕಾರ್ಖಾನೆಗಳ ಹಾಗೂ ಒಂದು ಗಂಧಕದ ಗುಡ್ಡದ ಏಕಮಾತ್ರ ಸ್ವಾಮಿಗಳೂ, ಅಸಂಖ್ಯ ಅಸ್ಥಿಪಂಜರಗಳ ಅನ್ನದಾತರೂ (ಅವು ಉಣ್ಣುವುದಿಲ್ಲ ಎಂಬುದು ಬೇರೆ ಮಾತು), ಕಂಪ್ಯೂಟರ್ ಪರದೆಯ ಬಲಮೂಲೆಯಲ್ಲಿ ರೆಪ್ಪೆ ಬಡಿಯದೆ ವಿರಾಜಮಾನರಾಗಿರುವವರೂ ಆದ ನೇರಳೆ ಬಾವುಟದ ಮಹಾರಾಜರ ಪಾದಗಳಿಗೆ, ಅವು ಚಿತ್ರದಲ್ಲಿ ಕಾಣದಿದ್ದರೂ ಇವೆಯೆಂದು ಭಾವಿಸಿ,

ಮಾನ್ಯರೇ,

ತಮ್ಮ ನೆರೆಯ ನೀಲಿ ರಾಜ್ಯದ ಮಾಜಿ ಅರಸನೂ, ಸದ್ಯಕ್ಕೆ ಅರ್ಧ ಕೋಣೆಯ ನಿವಾಸಿಯೂ ಆದ ನಾನು ತಮ್ಮ ಯೋಗಕ್ಷೇಮವನ್ನು ವಿಚಾರಿಸುತ್ತಾ, ತಾವು ಎಂದಿನಂತೆ ಕಟ್ಟಿಗೆ ಹೆಕ್ಕಿಕೊಂಡು ಸುಖವಾಗಿದ್ದೀರೆಂದು ನಂಬಿ, ಈ ಅಹವಾಲನ್ನು ಎದೆಯ ಮೇಲೆ ಕೈಯಿಟ್ಟುಕೊಂಡು ಸಲ್ಲಿಸುತ್ತಿದ್ದೇನೆ. ಎದೆ ಉರಿಯುತ್ತಿರುವುದರಿಂದ ಕೈ ಅಲ್ಲಿಯೇ ಇದೆ.

ತಮಗೆ ಎಲ್ಲವೂ ತಿಳಿದದ್ದೇ, ಆದರೂ ದೂರು ಎಂದ ಮೇಲೆ ಮೊದಲಿನಿಂದ ಹೇಳುವುದು ಮರ್ಯಾದೆ. ನಮ್ಮ ಸೋದರಮಾವ ಹಡಗಿನಲ್ಲಿ ಅಡುಗೆಯವನಾಗಿ ಹೋಗುವಾಗ ನಮ್ಮ ಪಾಲಿಗೆ ಎರಡು ಆಸ್ತಿ ಬಿಟ್ಟುಹೋದ. ಒಂದು, ಮಹಡಿಯ ಮೇಲಿನ ಅವನ ಕೋಣೆ. ಎರಡನೆಯದು, ಮೈಬಣ್ಣ ಹಳದಿಗೆ ತಿರುಗಿರುವ ಅವನ ಕಂಪ್ಯೂಟರ್, ಅದರೊಳಗೆ ತಾವು ಮತ್ತು ತಮ್ಮ ಆಟ. ಆಟವೋ ನನಗಿಂತ ವಯಸ್ಸಿನಲ್ಲಿ ಹಿರಿಯದು. ಒಬ್ಬರು ಕುದುರೆ ಓಡಿಸಿ, ಗಣಿ ಹಿಡಿದು, ಕೋಟೆಗೊಂದು ಗೋಪುರ ಕಟ್ಟಿ, ಸರದಿ ಮುಗಿಯಿತೆಂದು ಮರಳುಗಡಿಯಾರದ ಗುಂಡಿ ಒತ್ತಿ ಎದ್ದರೆ ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಕೂರಬೇಕು; ಕೂತವರ ಗುಟ್ಟು ಕಾಣಬಾರದೆಂದು ಉಳಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹೊರಗಿನವರು ಯಾರಾದರೂ ಬಂದರೆ ಇವರ ಮನೆಯಲ್ಲಿ ಏನೋ ಶಿಕ್ಷೆ ನಡೆಯುತ್ತಿದೆ ಎಂದು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಆ ಮಹಡಿ ಕೋಣೆಯನ್ನು ತಾವು ಬಲ್ಲಿರಿ, ಈಗ ಅದು ತಮ್ಮದೇ. ಬೀದಿಗೆ ತೆರೆಯುವ ಕಿಟಕಿ, ಎದುರಿನ ಇಸ್ತ್ರಿ ಅಂಗಡಿಯ ಬೆಚ್ಚನೆಯ ವಾಸನೆ, ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಮನೆಯಲ್ಲಿ ಒಳಗಿನಿಂದ ಹಾಕಿಕೊಳ್ಳಬಹುದಾದ ಏಕೈಕ ಚಿಲಕ. ನಾನೂ ಅಕ್ಕನೂ ಹುಟ್ಟಿದಾಗಿನಿಂದ ಕೆಳಗಿನ ಒಂದೇ ಕೋಣೆಯಲ್ಲಿದ್ದೇವೆ, ಮಧ್ಯೆ ಗಡಿಯಾಗಿ ಒಂದು ಬೀರು. ಬೀರುವಿನ ಬಾಗಿಲು ಅವಳ ಕಡೆ ತೆರೆಯುತ್ತದೆ, ಹಿಂಬದಿಯ ಹಲಗೆ ನನ್ನ ಕಡೆ. ಹಾಗಾಗಿ ನನ್ನ ಒಂದು ಅಂಗಿ ಬೇಕಾದರೂ ನಾನು ವಿದೇಶಕ್ಕೆ ಅರ್ಜಿ ಹಾಕಬೇಕು. ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬರುವ ಅಕ್ಕನೋ, ನನ್ನ ಗೊರಕೆಗೆ ಯಾವ ಕಂಪನಿಯೂ ಇನ್ನೂ ಮಾತ್ರೆ ತಯಾರಿಸಿಲ್ಲ ಎಂದು ಬೀರುವಿನಾಚೆಯಿಂದ ಆಗಾಗ ಪ್ರಕಟಣೆ ಹೊರಡಿಸುತ್ತಾಳೆ. ಮಾವನ ಕೋಣೆ ಖಾಲಿಯಾದ ದಿನ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ, ಮಧ್ಯದಲ್ಲಿ ಸಿಕ್ಕಿಕೊಂಡೆವು.

ಬಿಡಿಸಿದವರು ನಮ್ಮ ಅಪ್ಪ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರಿಶೀಲಿಸುವುದು ಅವರ ನೌಕರಿ, ಮನೆಯಲ್ಲಿಯೂ ಅದೇ ಚಟ. "ಕಿತ್ತಾಡ್ಬೇಡಿ. ನಿಮ್ಮ ಆಟ ಇದೆಯಲ್ಲ, ಆಡಿ. ಕೊನೇಲಿ ಯಾರ ಬಾವುಟ ನಿಂತಿರುತ್ತೋ ಅವರಿಗೆ ರೂಮು. ಆಮೇಲೆ ಗೊಣಗೋ ಹಾಗಿಲ್ಲ" ಎಂದರು. ಅಕ್ಕ ಕೆಂಪು, ನಾನು ನೀಲಿ. ಆ ನಕಾಶೆಗೆ ಮೂವರು ಬೇಕೇ ಬೇಕಾದ್ದರಿಂದ ಮೂರನೆಯವರಾಗಿ ಕಂಪ್ಯೂಟರೇ ಆಡಿಸುವ ತಮ್ಮನ್ನು ಕೂರಿಸಿಕೊಂಡೆವು, ಮಹಾಸ್ವಾಮಿ. ಮದುವೆ ಫೋಟೋದಲ್ಲಿ ಅಂಚಿಗೆ ನಿಲ್ಲುವ ದೂರದ ನೆಂಟರನ್ನು ಹೇಗೋ, ಹಾಗೆ.

ಆಮೇಲಿನದು ಚರಿತ್ರೆ. ನಾನು ನನ್ನ ಸಮಸ್ತ ಸೈನ್ಯವನ್ನು ಅಕ್ಕನ ಚಿನ್ನದ ಗಣಿಗೆ ನುಗ್ಗಿಸಿದೆ, ಅಕ್ಕ ತನ್ನ ಸಮಸ್ತ ಸೈನ್ಯವನ್ನು ನನ್ನ ರಾಜಧಾನಿಗೆ ನುಗ್ಗಿಸಿದಳು, ಇಬ್ಬರೂ ದಾರಿಯಲ್ಲಿ ಎದುರಾಗಿ ಒಬ್ಬರನ್ನೊಬ್ಬರು ಪುಡಿ ಮಾಡಿದೆವು. ಹಿಂದಿನ ಆಟಗಳಲ್ಲೆಲ್ಲ ಜೌಗಿನ ಮೂಲೆಯಲ್ಲಿ ಕಟ್ಟಿಗೆ ಎಣಿಸುತ್ತಾ ಕೂತಿರುತ್ತಿದ್ದ ತಾವು, ಅದೇ ಹೊತ್ತಿಗೆ ಒಂದು ದೋಣಿ ತುಂಬ ಮೂಳೆಗಳನ್ನು ತುಂಬಿಕೊಂಡು ಬಂದು, ಕಾವಲಿಲ್ಲದ ಎರಡೂ ಕೋಟೆಗಳನ್ನು ಬೀದಿಯಲ್ಲಿ ಬಿದ್ದ ಕರವಸ್ತ್ರದಂತೆ ಎತ್ತಿಕೊಂಡುಬಿಟ್ಟಿರಿ.

ಅಪ್ಪ ಕನ್ನಡಕ ಏರಿಸಿ ಪರದೆ ನೋಡಿದರು. "ನೇರಳೆ. ರೂಮು ನೇರಳೆಗೆ" ಎಂದರು. "ಅಪ್ಪಾ, ಅದು ಕಂಪ್ಯೂಟರ್ರು!" ಎಂದು ನಾವಿಬ್ಬರೂ ಜನ್ಮದಲ್ಲಿ ಮೊದಲ ಸಲ ಒಂದೇ ದನಿಯಲ್ಲಿ ಕೂಗಿದೆವು. "ತಕ್ಕಡಿ ಮುಂದೆ ಯಾರು ಅಂತ ನಾನು ಕೇಳಲ್ಲ ಕಣ್ರೋ, ಎಷ್ಟು ಅಂತ ಕೇಳ್ತೀನಿ" ಎಂದವರೇ ತಮ್ಮನ್ನು ತಂತಿ ಸಮೇತ ಹೊತ್ತುಕೊಂಡು ಹೋಗಿ ಮಹಡಿ ಕೋಣೆಯ ಕಿಟಕಿಯ ಪಕ್ಕ ಪ್ರತಿಷ್ಠಾಪಿಸಿದರು. ಅಮ್ಮನಾದರೂ ನಮ್ಮ ಕಡೆ ಬರುತ್ತಾಳೆಂದುಕೊಂಡರೆ, "ಬಿಡ್ರೋ, ಅವನಾದ್ರೂ ಒದ್ದೆ ಟವೆಲ್ ಮಂಚದ ಮೇಲೆ ಎಸೆಯಲ್ಲ" ಎಂದಳು.

ಹೀಗೆ ತಾವು ನಮ್ಮ ಮನೆಯ ಅತ್ಯಂತ ಗಾಳಿಬೆಳಕಿನ ಕೋಣೆಯಲ್ಲಿ ಬಿಡಾರ ಹೂಡಿದ್ದೀರಿ. ತಮಗೆ ಮೂಗಿಲ್ಲ, ಗಾಳಿ ಯಾಕೆ? ತಮಗೆ ಮೈಯಿಲ್ಲ, ಮಂಚ ಯಾಕೆ? ಚಿಲಕವನ್ನಂತೂ ಕೇಳಲೇಬಾರದು. ಕೇಳುತ್ತಿಲ್ಲ, ಸುಮ್ಮನೆ ಪ್ರಸ್ತಾಪಿಸಿದೆ.

ಆದರೆ ತಮ್ಮ ದೊಡ್ಡಗುಣ ಒಂದನ್ನು ಒಪ್ಪಿಕೊಳ್ಳದಿದ್ದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ತಾವು ಕಾಯುತ್ತೀರಿ. ಗೆಳೆಯನೊಬ್ಬ ತಂದುಕೊಟ್ಟ ಹೊಸ ಆಟದಲ್ಲಿ ನಾನು ಒಂದು ಸಲ ಸೀನುವಷ್ಟರಲ್ಲಿ ಸತ್ತಿದ್ದೆ. ಕೊಂದವರು ಯಾರೆಂದು ನೋಡಲು ಹೋಗಿ ಇನ್ನೊಮ್ಮೆ ಸತ್ತೆ. ತಾವೋ, ನಾನು ಸ್ನಾನಕ್ಕೆ ಹೋಗಿ, ಬಿಸಿನೀರು ಮುಗಿಸಿ, ಅದಕ್ಕಾಗಿ ಬೈಸಿಕೊಂಡು, ತಲೆ ಒರೆಸುತ್ತಾ ಬರುವವರೆಗೂ ಎತ್ತಿದ ಕತ್ತಿಯನ್ನು ಎತ್ತಿದ ಹಾಗೆಯೇ ಹಿಡಿದು ನಿಂತಿರುತ್ತೀರಿ. ನನ್ನ ಮಾತು ಮುಗಿಯುವವರೆಗೆ ಕಾಯುವ ಇನ್ನೊಂದು ಪ್ರಾಣಿ ಈ ಮನೆಯಲ್ಲಿಲ್ಲ. ಅದಕ್ಕೇ ಇರಬೇಕು, ಕಾರು ಓಡಿಸುವುದನ್ನು ಕಲಿಸುವ ನಮ್ಮ ಅಮ್ಮನೂ ತಮ್ಮ ಮುಂದೆ ಕೂತಾಗ "ಇದೊಂದೇ ಸರದಿ" ಎನ್ನುತ್ತಾ, ಕುದುರೆ ಕೋಟೆಗೆ ಡಿಕ್ಕಿ ಹೊಡೆಯುವಾಗ ಮೇಜಿನ ಕೆಳಗೆ ಬಲಗಾಲಿನಿಂದ ಬ್ರೇಕು ಒತ್ತುತ್ತಾ, ಹೊರಗೆ ಕಾರಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ಶಿಷ್ಯನನ್ನು ಮರೆತೇಬಿಡುತ್ತಾಳೆ.

ಮೇಲ್ಮನವಿಗೆ ಅಪ್ಪ ಒಂದು ದಾರಿ ಬಿಟ್ಟಿದ್ದಾರೆ. ಅದೇ ನಕಾಶೆಯಲ್ಲಿ ಮತ್ತೆ ಆಡಿ ತಮ್ಮನ್ನು ನಿರ್ನಾಮ ಮಾಡಿದರೆ ಕೋಣೆ ವಾಪಸ್ಸು. ಆಮೇಲೆ ಕೆಂಪೂ ನೀಲಿಯೂ ಪರಸ್ಪರ ಹೊಡೆದಾಡಿ, ಉಳಿದವರೊಬ್ಬರು ಮಹಡಿ ಹತ್ತಿ ಚಿಲಕ ಹಾಕಿಕೊಳ್ಳಬಹುದು. ಹಾಗಾಗಿ ಅಕ್ಕ ಅಂಗಡಿಯಿಂದ ಬಂದದ್ದೇ, ಬೀರುವಿನ ಎರಡೂ ಕಡೆಯ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು ಮಹಡಿಯ ಮೇಲಿನ ತಮ್ಮ ಕೋಣೆಗೆ ಬಂದು ಒಂದೇ ಬೆಂಚಿನ ಮೇಲೆ ಕೂರುತ್ತವೆ. ಒಪ್ಪಂದವಾದ ಮೇಲೆ ಗೋಡೆಗೆ ಮುಖ ಮಾಡುವುದೂ ನಿಂತಿದೆ. "ಏ ಕೋತಿ, ಬಿಲ್ಲುಗಾರರನ್ನ ಮುಂದೆ ನಿಲ್ಲಿಸ್ತಾರೇನೋ!" "ನೀನು ಮಾತ್ರೆ ಎಣಿಸು ಹೋಗೆ!" ಎಂಬ ರಾಜತಾಂತ್ರಿಕ ಮಾತುಕತೆಗಳನ್ನು ತಾವು ಖುದ್ದಾಗಿ ಕೇಳಿಸಿಕೊಂಡಿದ್ದೀರಿ. ಅವಳ ಅಂಗಡಿಗೆ ಬಂದು ಪ್ರತಿದಿನ ತೂಕ ನೋಡಿಕೊಂಡು ಯಂತ್ರವನ್ನೇ ಬೈಯುವ ಮುದುಕನ ಕಥೆ ನನಗೆ ಗೊತ್ತಾದದ್ದೂ ತಮ್ಮ ಸಮ್ಮುಖದಲ್ಲಿಯೇ. ಬೀರು ಇಷ್ಟು ವರ್ಷ ಅದನ್ನೆಲ್ಲ ತಡೆಹಿಡಿದಿತ್ತು.

ಆದ್ದರಿಂದ, ಸ್ವಾಮಿ, ತಾವು ಒಂದೋ ಕೋಣೆಯನ್ನು ಸ್ವಇಚ್ಛೆಯಿಂದ ಖಾಲಿ ಮಾಡಬೇಕು, ಇಲ್ಲವೇ ಮನೆಯವರಂತೆ ಮನೆಗೆಲಸಕ್ಕೆ ಹೆಗಲು ಕೊಡಬೇಕು. ತಮ್ಮ ಬೆಂಕಿಯುಗುಳುವ ಡ್ರ್ಯಾಗನ್ ಬೆಳಿಗ್ಗೆ ಸ್ವಲ್ಪ ಹೊತ್ತು ನಮ್ಮ ನೀರಿನ ತೊಟ್ಟಿಯ ಕಡೆಗೆ ಉಸಿರು ಬಿಟ್ಟರೆ ಬಿಸಿನೀರಿನ ಜಗಳ ತೀರುತ್ತದೆ. ಅಸ್ಥಿಪಂಜರಗಳು ಹೇಗೂ ಕಾಲು ನೋವೆನ್ನುವುದಿಲ್ಲ, ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸಬಹುದು. ಬಾಡಿಗೆಯನ್ನು ಗಂಧಕದಲ್ಲಿ ಕೊಡುವುದಾದರೆ ಅಪ್ಪನ ಅಭ್ಯಂತರವಿಲ್ಲ, ತೂಕ ಮಾತ್ರ ಸರಿಯಿರಬೇಕು. ಕಸ ಹಾಕುವ ಪಾಳಿ ಬುಧವಾರದಿಂದ ತಮ್ಮದು.

ತಮ್ಮ ಮೌನವನ್ನು ಸಮ್ಮತಿಯೆಂದೂ, ತಮ್ಮ ನಿರಂತರ ಗುಂಯ್‌ಗುಡುವಿಕೆಯನ್ನು ಪ್ರೀತಿಯೆಂದೂ ತಿಳಿದು, ಹಗೆತನದಲ್ಲಿಯೂ ನಮಸ್ಕಾರ ಬಿಡದ,

ತಮ್ಮ ವಿಶ್ವಾಸಿ,
ನೀಲಿ ಬಾವುಟದವನು
(ಬೀರುವಿನ ಹಿಂಬದಿ)

ತಾ.ಕ.: ಇಷ್ಟು ದೊಡ್ಡ ಚಕ್ರವರ್ತಿಗಳಾಗಿ ತಮ್ಮ ಕೊನೆಯ ಕೋಟೆಯ ಬಾಗಿಲಿಗೆ ಒಂದೇ ಒಂದು ಅಸ್ಥಿಪಂಜರವನ್ನು, ಅದೂ ವಾಲಿಕೊಂಡಿರುವುದನ್ನು, ಕಾವಲಿಗಿಟ್ಟಿದ್ದೀರಲ್ಲ, ಬುದ್ಧಿ ಹೇಳುವ ಮಂತ್ರಿಯೊಬ್ಬನನ್ನು ಇಟ್ಟುಕೊಳ್ಳಬಾರದೇ? ನಿನ್ನೆ ನನ್ನ ಸವಾರ ಆ ಬಾಗಿಲ ಮುಂದೆಯೇ ಇದ್ದ. ಇನ್ನೊಂದು ಹೆಜ್ಜೆಗೆ ತಮ್ಮ ಕಥೆ ಮುಗಿಯುತ್ತಿತ್ತು. ನಾನು ಅವನನ್ನು ಹಿಂದಕ್ಕೆ ತಿರುಗಿಸಿ ಕಟ್ಟಿಗೆ ಹೆಕ್ಕಲು ಕಳಿಸಿದೆ. ಪಕ್ಕದಲ್ಲಿದ್ದ ಅಕ್ಕ ಪರದೆಯನ್ನೇ ನೋಡುತ್ತಾ, "ಕಟ್ಟಿಗೆ ಕಮ್ಮಿ ಇದೆ, ಅಲ್ವಾ?" ಎಂದಳು. "ಹೂಂ, ತುಂಬಾ ಕಮ್ಮಿ" ಎಂದೆ. ಅವಳ ಸರದಿ ಬಂದಾಗ ಅವಳ ಸವಾರನೂ ಅದೇ ಬಾಗಿಲ ತನಕ ಹೋಗಿ, ಕಟ್ಟಿಗೆಗೆಂದು ಹಿಂದಿರುಗಿದ. ನಮ್ಮಿಬ್ಬರ ಉಗ್ರಾಣದಲ್ಲಿಯೂ ಕಟ್ಟಿಗೆ ಇಡಲು ಜಾಗವಿಲ್ಲ.